ಸೆರೆಯಿಂದ ಬಂದ ಕಾಗದ

"ಫೋಟೋ ಬೇಕಾದ್ರ ಹೊಡ್ಕೋರಿ ಸರ. ಬಾಯಿಬಿಟ್ಟು ಮಾತ್ರ ಓದಬ್ಯಾಡ್ರಿ," ಎಂದಳು ಮುದುಕಿ ಪಾರಮ್ಮ.

ತಾವರಗೇರಾದ ಹೈಸ್ಕೂಲಿಗೆ ಹೊಸದಾಗಿ ಬಂದಿದ್ದ ಮಾಸ್ತರ ಹನಮೇಶ, ಸೈನಿಕರ ಪತ್ರಗಳ ಪ್ರದರ್ಶನಕ್ಕೆಂದು ಅವಳ ಮನೆ ಹುಡುಕಿಕೊಂಡು ಬಂದಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ಸೆರೆಸಿಕ್ಕ ಅವಳ ಗಂಡ ಗವಿಸಿದ್ದಪ್ಪ ಅಲ್ಲಿಂದ ಬರೆದದ್ದು ಇದೊಂದೇ ಕಾಗದ. ಅವನು ತಿರುಗಿ ಬರಲಿಲ್ಲ.

"ಯಾಕ ಓದಬಾರದು?"

"ಮಗ ಸಾಯಬಾರದಂತ ನಮ್ಮತ್ತಿ ಮಾಟ ಮಾಡಿಸ್ಯಾಳ್ರಿ. ಅವರ ಜೀವ ಇದರಾಗ ಕಟ್ಟಿಸ್ಯಾಳ. ಓದಿದವರು ಅವರ ಜಾಗಕ್ಕ ಹೋಗ್ತಾರ, ಅವರು ಇಲ್ಲಿಗೆ ಬರ್ತಾರಂತ."

ಹನಮೇಶ ನಕ್ಕ. "ಕಾಗದ ಮನುಷ್ಯನ್ನ ನುಂಗ್ತೈತೇನ್ ಯವ್ವಾ?"

ಕಾಗದಕ್ಕೆ ಸುತ್ತಿದ್ದ ಕೆಂಪು ಬಟ್ಟೆ ಬಿಚ್ಚಿದೊಡನೆ ಕಮಟು ಎಣ್ಣೆಯ, ಒಣಗಿದ ನೆತ್ತರಿನ ವಾಸನೆ ಮೂಗಿಗೆ ಅಡರಿತು. ಹೊರಗೆ ಮಟಮಟ ಮಧ್ಯಾಹ್ನ. ಬೇವಿನ ಗಿಡದಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಪಾರಮ್ಮ ಕೈ ಅಡ್ಡ ತರುವಷ್ಟರಲ್ಲಿ ಅವನು ಪಾಠ ಓದುವವನಂತೆ ಗಟ್ಟಿಯಾಗಿ ಶುರುಮಾಡಿದ.

"ಅವ್ವಗ ನಮಸ್ಕಾರ. ನಾ ಸೆರಿಯೊಳಗ ಜೀವಂತ ಅದೀನಿ. ಪಾರಿಗೆ ಎಮ್ಮಿ ಮಾರಬ್ಯಾಡ ಅಂತ ಹೇಳು. ಇಲ್ಲಿ ಬೆಳಕ ಇಲ್ಲ..."

ಮೂರನೆಯ ಸಾಲಿಗೆ ದನಿ ತನ್ನದಾಗಿ ಉಳಿಯಲಿಲ್ಲ. ನಿಲ್ಲಿಸಲು ನೋಡಿದ. ನಾಲಿಗೆ ನಿಲ್ಲಲಿಲ್ಲ. ಕೊನೆಯಲ್ಲಿ ಬರೆದಿದ್ದ ಹೆಸರು ಬಾಯಿಂದ ಹೊರಬಿದ್ದಿತು.

ಕತ್ತಲು.

ಕೈ ಚಾಚಿದ. ಗೋಡೆ. ಹಿಂದೆಯೂ ಗೋಡೆ. ತೊಯ್ದ ಕಂಬಳಿಯ ನಾತ, ತುಕ್ಕಿನ ನಾತ. ಎಲ್ಲೋ ಬೂಟುಗಳ ಸಪ್ಪಳ. ಕೂಗಿದ. ಕೂಗು ಗಂಟಲು ದಾಟಲಿಲ್ಲ.

ಗೋಡೆಯ ಆಚೆಯಿಂದ ಪಾರಮ್ಮನ ಅಳು ಕೇಳಿಸಿತು. ಅದರ ಹಿಂದೆಯೇ ಒಬ್ಬ ಹರೆಯದವನ ದನಿ.

"ಪಾರೀ... ಇಷ್ಟ ಮುದುಕಿ ಆಗೀಯೇನ?"

"ಬಂದ್ರೇನ್ರಿ! ಕುಂದರ್ರಿ. ನೀರು ಕುಡೀರಿ."

"ನನ್ನ ಜಾಗದಾಗ ಯಾರಿದ್ದಾರ?"

ತಂಬಿಗೆ ನೆಲಕ್ಕಿಟ್ಟ ಸದ್ದಾಯಿತು.

"ಆ ಕತ್ತಲಿ ಎಂಥಾದ್ದು ಅಂತ ನನಗ ಗೊತ್ತೈತಿ ಪಾರೀ. ಮತ್ತೊಬ್ಬನ್ನ ಅಲ್ಲಿ ಕೂಡಿಸಿ ನಾ ಇಲ್ಲಿ ಹೆಂಗ ಉಣ್ಣಲಿ?"

"ಬ್ಯಾಡ್ರೀ! ಕಾಗದ ಮುಟ್ಟಬ್ಯಾಡ್ರಿ! ನಿಮ್ಮ ಕಾಲು ಹಿಡೀತೀನಿ!"

ಗವಿಸಿದ್ದಪ್ಪ ಓದತೊಡಗಿದ. ಮೆಲ್ಲಗೆ. ಎಲ್ಲೂ ತಡವರಿಸದೆ.

ಹನಮೇಶ ಕಣ್ಣು ಬಿಟ್ಟಾಗ ಪಾರಮ್ಮನ ಮನೆಯ ನೆಲದ ಮೇಲೆ ಬಿದ್ದಿದ್ದ. ಬಿಸಿಲು ಕಣ್ಣಿಗೆ ಚುಚ್ಚಿತು. ಎದುರಿಗೆ ನೀರು ತುಂಬಿದ ತಂಬಿಗೆ, ಯಾರೂ ಮುಟ್ಟದೆ ಹಾಗೆಯೇ ಇತ್ತು. ಬದುಕಿದೆ ಎಂದುಕೊಂಡು ಎದ್ದು, ತೂರಾಡುತ್ತ ಬಾಗಿಲಿಗೆ ನಡೆದ.

ಬಾಗಿಲು ಮುಚ್ಚಿತ್ತು. ಪಾರಮ್ಮ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಕುಡುಗೋಲು. ಅತ್ತು ಅತ್ತು ಕೆಂಪಾದ ಕಣ್ಣುಗಳಲ್ಲಿ ಈಗ ಹೆದರಿಕೆಯ ಸುಳಿವೇ ಇರಲಿಲ್ಲ.

"ಐವತ್ತು ವರ್ಷ ಈ ಮಾಟ ಸುಳ್ಳಿರಬೇಕು ಅಂತ ತಿಳ್ಕೊಂಡಿದ್ನಿ," ಎಂದಳು. "ಇನ್ನೊಂದು ಸಲ ಓದ್ರಿ ಸರ. ಈ ಸಲ ಅವರ ಕೈಗೆ ಕಾಗದ ಕೊಡೂದಿಲ್ಲ."