ಸಂಜೆಯ ಲಾಗಿನ್

ಹುಮನಾಬಾದಿನಿಂದ ಬಸ್ಸು ಹಿಡಿದು ಬಸವಕಲ್ಯಾಣದ ಆ ಮನೆಗೆ ಬಂದ ಪೂನಂಗೆ ತಲೆ ಎತ್ತುವುದೇ ಕಷ್ಟವಾಗಿತ್ತು. ಒಳಗೆ ಕಸ್ತೂರಿಬಾಯಿ ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದರು. ಟೈಮರ್‌ನಿಂದ ತಾನಾಗಿಯೇ ಹೊತ್ತಿಕೊಳ್ಳಬೇಕಿದ್ದ ಮೆಟ್ಟಿಲ ಲೈಟು ನಿನ್ನೆ ಸಂಜೆ ಹೊತ್ತಿಕೊಂಡಿರಲಿಲ್ಲ. ಇನ್ನೇನು ಹೊತ್ತಿಕೊಳ್ಳುತ್ತದೆಂದು ನಂಬಿ ಕಾಲಿಟ್ಟವರು ಜಾರಿ ಬಿದ್ದಿದ್ದರು.

ಆ ಲೈಟಿಗೆ ಕೋಡ್ ಬರೆದವಳು ಪೂನಂ.

ಕಸ್ತೂರಿಬಾಯಿಯ ಮಗ ವೀರಭದ್ರ ನಗುತ್ತ ಚಹಾ ತಂದಿಟ್ಟ. "ಕುಂದರ್ರಿ. ಯಾಕ ಇಷ್ಟು ಸಣ್ಣ ಮಾರಿ ಮಾಡ್ಕೊಂಡೀರಿ?"

ಆ ನಗು ನೋಡಿ ಅವಳಿಗೆ ಭೂಮಿಗಿಳಿದು ಹೋಗುವಂತಾಯಿತು.

"ಟೈಮರ್ ಒಂದಿನಾನೂ ಕೆಲಸ ಮಾಡಿಲ್ರಿ," ಎಂದಳು. "ದಿನಾ ನಾನೇ ಹಚ್ಚತಿದ್ದೆ."

ನಿಜ. ಮೂರು ತಿಂಗಳಿಂದ ಪ್ರತಿ ಸಂಜೆ ಹುಮನಾಬಾದಿನಲ್ಲಿ ಲ್ಯಾಪ್‌ಟಾಪ್ ತೆರೆದು, ತನ್ನೊಬ್ಬಳ ಬಳಿಯಿದ್ದ ಡಿಜಿಟಲ್ ಕೀ ಬಳಸಿ, ಎಸ್‌ಎಸ್‌ಎಚ್ ಎಂಬ ಭದ್ರ ದಾರಿಯಲ್ಲಿ ಈ ಮನೆಯ ಪುಟ್ಟ ಕಂಪ್ಯೂಟರಿಗೆ ಲಾಗಿನ್ ಆಗುತ್ತಿದ್ದಳು. ಒಂದು ಸಾಲು ಟೈಪು ಮಾಡಿದರೆ ಲೈಟು ಹತ್ತುತ್ತಿತ್ತು. ನಿನ್ನೆ ಜ್ವರದಲ್ಲಿ ಮಲಗಿಬಿಟ್ಟಿದ್ದಳು.

"ಕೋಡ್‌ನಾಗಿನ ತಪ್ಪು ಸಿಗಲಿಲ್ಲೇನು?"

"ಎರಡನೇ ವಾರಾನೇ ಸಿಕ್ಕಿತ್ತು." ಅವಳ ಕಿವಿ ಕೆಂಪಾಯಿತು. "ತಿದ್ದಲಿಲ್ಲ. ತಿದ್ದಿದ್ರ ದಿನಾ ಲಾಗಿನ್ ಆಗ್ಯಾದ್ರೂ ನಿಮ್ಮ ಮನಿ ಕಡಿ ಬರಾಕ ನಂಗೇನು ನೆವ ಇರ್ತಿತ್ರಿ?"

ವೀರಭದ್ರ ಕಪ್ಪನ್ನು ಪಕ್ಕಕ್ಕೆ ಸರಿಸಿದ.

"ನಂಗ ಗೊತ್ತಿತ್ತು," ಎಂದ. "ಯಾರು ಯಾವಾಗ ಬಂದ್ರಂತ ಈ ಮನಿ ಕಂಪ್ಯೂಟರ್ ಬರ್ದಿಡೋ ಲಾಗ್ ನೋಡೀನಿ. ಒಮ್ಮೆ ಆರು ಇಪ್ಪತ್ತು, ಒಮ್ಮೆ ಆರೂವರಿ. ಟೈಮರ್ ಹಿಂಗ ತಡ ಮಾಡ್ತದೇನ್ರಿ? ಮ್ಯಾಲ ನಿಮ್ಮ ಹೆಸರು ಬ್ಯಾರೆ. ತಿಂಗಳಾತು, ಅಂಗಡಿ ಬಿಟ್ಟು ಓಡಿ ಬಂದು ಮೆಟ್ಟಲ ಮ್ಯಾಲ ಕುಂತು ನೀವು ಲೈಟ್ ಹಚ್ಚೋದನ್ನ ಕಾಯಾಕತ್ತೀನಿ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ತಿದ್ದಿಬಿಡ್ತಿದ್ರಿ." ಅವನ ನಗು ಹೋಗಿತ್ತು. "ನಿನ್ನೆ ಒಂದೇ ದಿನ ನಂಗ ತಡ ಆತು. ಅವ್ವ ಬಿದ್ಲು."

ಹೇಳಬೇಕಾದ ಮಾತು ಹೇಳಿಯಾಗಿತ್ತು, ಆದರೆ ಖುಷಿಪಡಲು ಇಬ್ಬರಿಗೂ ಮುಖವಿರಲಿಲ್ಲ. ಒಳಗಿನಿಂದ ಕಸ್ತೂರಿಬಾಯಿ ನರಳಿದ್ದು ಕೇಳಿಸಿತು.

ಪೂನಂ ಲ್ಯಾಪ್‌ಟಾಪ್ ತೆರೆದು ತಪ್ಪಿದ್ದ ಎರಡು ಸಾಲು ತಿದ್ದಿದಳು. ಎರಡು ನಿಮಿಷದ ಕೆಲಸ. ಆಮೇಲೆ ಮತ್ತೆಂದೂ ಲಾಗಿನ್ ಆಗಲು ಬಾರದಂತೆ ತನ್ನ ಕೀಯನ್ನೂ ಅವನ ಕಣ್ಣೆದುರೇ ಅಳಿಸಿಹಾಕಿ ಎದ್ದಳು.

"ಎಲ್ಲಿಗೆ?"

"ಅವ್ವಾರಿಗೆ ಖರೇ ಹೇಳಾಕ. ಬೈದ್ರ ಬೈಸ್ಕೋತೀನಿ."

"ಒಬ್ಬಾಕಿನ ಹೋಗಬ್ಯಾಡ್ರಿ," ಎಂದು ವೀರಭದ್ರ ಅವಳ ಕೈ ಹಿಡಿದ. ಇಬ್ಬರೂ ತಲೆ ತಗ್ಗಿಸಿಯೇ ಒಳಗೆ ಹೋದರು. ಅವ್ವ ನೋಡಿದ ಮೇಲೂ ಅವನು ಆ ಕೈ ಬಿಡಲಿಲ್ಲ.