ಅಳಿಸಿ ಕೊಡುವೆನೆಂದಿದ್ದ ಪುಸ್ತಕ

ಗಂಡ ಅಫ್ಫಾನನ ದಫನ್ ಆಗಿ ನಾಲ್ಕನೆಯ ದಿನ ಬೆಳಿಗ್ಗೆ ನೆರೆಮನೆಗಳಿಂದ ಊಟದ ಪಾತ್ರೆಗಳು ಬರುವುದು ನಿಂತಿತು. ಸೌದಿಯ ತಬೂಕಿನ ಫ್ಲಾಟಿನಲ್ಲಿ ಖೌಲಾ ತನ್ನೊಬ್ಬಳಿಗೆ ಅಕ್ಕಿ ಅಳೆಯಲು ಡಬ್ಬಕ್ಕೆ ಕೈ ಹಾಕಿದಳು. ತಳದಲ್ಲಿದ್ದ ಲಕೋಟೆ ಬೆರಳಿಗೆ ತಗುಲಿತು. ಕೈ ಹಿಂದೆಗೆದಳು.

ಕಿರ್ಗಿಸ್ತಾನದ ಅನಾಥಾಲಯದಲ್ಲಿರುವ ನಾಲ್ಕು ವರ್ಷದ ಐಜಾದಾಳನ್ನು ದತ್ತು ಪಡೆಯುವ ಒಪ್ಪಿಗೆಪತ್ರ. ಗಂಡ ಹೆಂಡತಿ ಇಬ್ಬರ ಸಹಿಯೂ ಬೇಕಿತ್ತು. ಅಫ್ಫಾನ್ ಕೇಳಿದಾಗಲೆಲ್ಲ, "ಕೊರಿಯರ್ ಬಂದಿಲ್ಲ" ಎನ್ನುತ್ತಿದ್ದಳು. ಐದು ತಿಂಗಳು.

ಅವಳಿಗೆ ಅವನೊಬ್ಬನೇ ಬೇಕಿತ್ತು.

ಅವನೋ ಸಂಜೆಯೆಲ್ಲ ಕಿರ್ಗಿಜ್ ಅಕ್ಷರಮಾಲೆಯ ಪುಸ್ತಕ ಹಿಡಿದು, ಚಿತ್ರಗಳ ಕೆಳಗೆ ಪೆನ್ಸಿಲಿನಲ್ಲಿ ಕನ್ನಡ ಬರೆಯುತ್ತಿದ್ದ. ಒಮ್ಮೆ ಪೆನ್ಸಿಲ್ ಕಿತ್ತುಕೊಂಡಿದ್ದಳು.

"ನಾನೊಬ್ಬಳು ಸಾಕಾಗಲ್ವಾ?"

ಕನ್ನಡಕದ ಮೇಲಿನಿಂದ ನೋಡಿ ನಕ್ಕಿದ್ದ. "ಸಾಕಾಗದ್ದಕ್ಕಲ್ಲ ಮಾರಾಯ್ತಿ, ಪ್ರೀತಿ ಹೆಚ್ಚಾದದ್ದಕ್ಕೆ."

ಬೆಲ್ ಆಯಿತು. ಗಂಡ ಸತ್ತ ಮೇಲಿನ ಇದ್ದತ್ತಿನಲ್ಲಿರುವ ಖೌಲಾ ಹೊರಗೆ ಹೋಗುವಂತಿಲ್ಲವೆಂದು ಇಲ್ಲಿನ ಆಸ್ಪತ್ರೆಯ ಕಿರ್ಗಿಜ್ ನರ್ಸ್ ಜಿಲ್ದಿಜ್ ತಾನೇ ಬಂದಿದ್ದಳು. ಐಜಾದಾಳ ಫೋಟೋ ಮೊದಲು ತೋರಿಸಿದವಳೂ ಅವಳೇ.

"ಅಫ್ಫಾನ್ ಯಾರಿಂದ ಏನು ಪಡೆದಿದ್ದರೂ ಹೇಳಿ, ತೀರಿಸ್ತೇವೆ ಅಂತ ಕಬರಸ್ತಾನದಲ್ಲಿ ಅವರ ಗೆಳೆಯ ಇಮ್ತಿಯಾಜ್ ಭಾಯ್ ಕೇಳಿದರಂತೆ," ಜಿಲ್ದಿಜ್ ತಡವರಿಸಿದಳು. "ಸಾರಿ ಸಿಸ್ಟರ್. ಆ ಅಕ್ಷರಮಾಲೆ ಪುಸ್ತಕ ಅನಾಥಾಲಯದ್ದು. ಗುರುವಾರ ಊರಿಗೆ ಹೋಗ್ತಿದ್ದೇನೆ."

"ಅಳಿಸಿ ಕೊಡ್ತೇನೆ ಅಂದಿದ್ದ. ಕೂತ್ಕೊಳ್ಳಿ."

ಖೌಲಾ ರಬ್ಬರ್ ಹಿಡಿದಳು. ಕೆಲ್, ಬಾ. ಅಳಿಸಿದಳು. ನಾನ್, ರೊಟ್ಟಿ. ಅಳಿಸಿದಳು. ಅವನ ಅಕ್ಷರ ಪುಡಿಯಾಗಿ ಮಡಿಲಿಗೆ ಉದುರಿತು.

"ಆ ಪತ್ರ ಕೊನೆಗೂ ಬರಲೇ ಇಲ್ವಾ?" ಜಿಲ್ದಿಜ್ ಕೇಳಿದಳು. "ಅನಾಥಾಲಯದವರು ತುಂಬಾ ಕಾದರು. ಇನ್ನು ಫೈಲ್ ಮುಚ್ತಾರೆ. ಮಗು ಮಾತ್ರ, ವಿಡಿಯೋದ ಅಂಕಲ್ ಯಾವಾಗ ಬರ್ತಾರೆ ಅಂತ ಕೇಳ್ತಾ ಇದೆ."

ಖೌಲಾ ಎದ್ದು ಅಕ್ಕಿಡಬ್ಬದಿಂದ ಲಕೋಟೆ ತಂದಳು. "ಬಂದಿತ್ತು. ನಾನೇ ಬಚ್ಚಿಟ್ಟಿದ್ದೆ." ತೋರಿಸಲೆಂದು ಪತ್ರ ಬಿಡಿಸಿದಳು.

ಅಫ್ಫಾನನ ಸಹಿ ಇತ್ತು. ಎರಡು ತಿಂಗಳ ಹಿಂದಿನ ತಾರೀಖು. ಅವನು ನೋಡಿದ್ದ, ಸಹಿ ಹಾಕಿದ್ದ, ಅಕ್ಕಿಯೊಳಗೆ ಮತ್ತೆ ಹಾಗೆಯೇ ಹೂತಿಟ್ಟಿದ್ದ. ಪಕ್ಕದ ಜಾಗ ಅವಳಿಗಾಗಿ ಖಾಲಿ. ಆಮೇಲೂ ಪ್ರತಿ ವಾರ ನಗುತ್ತಲೇ ಕೇಳಿದ್ದ, "ಎಂತ, ಕೊರಿಯರ್ ಬಂತಾ?"

ಖೌಲಾಳ ಮುಖ ಕಿವಿಯವರೆಗೂ ಉರಿಯಿತು. ಜಿಲ್ದಿಜ್ ಕಿಟಕಿಯತ್ತ ನೋಡುತ್ತ ಕುಳಿತಳು.

ಕೊನೆಯ ಪುಟದಲ್ಲಿ ಒಂದೇ ಸಾಲು ಉಳಿದಿತ್ತು. ಕೊರ್ಕ್ಪೊ, ಹೆದರಬೇಡ. ಖೌಲಾ ರಬ್ಬರ್ ಕೆಳಗಿಟ್ಟಳು. ಪುಸ್ತಕ ಮುಚ್ಚಿ ಎರಡೂ ಕೈಗಳಿಂದ ನೀಡಿದಳು.

"ಇದೊಂದು ಸಾಲು ಇರಲಿ. ಮಗುವಿಗೆ ಹೇಳಿ, ತಡ ಮಾಡಿದ್ದು ಅವನಲ್ಲ."