ಕಂಬದ ಮೇಲಿದ್ದವನ ದನಿ

ಶಿವನ ಮುಂದೆ ನಿಂತು ಹೇಳಿದರೂ ಇಷ್ಟೇ ಹೇಳುತ್ತೇನೆ. ನಾನು ಮಸ್ಕಿ ಹತ್ತಿರದ ವಿದ್ಯುತ್ ಕೇಂದ್ರವೊಂದರಲ್ಲಿ ಆಪರೇಟರ್. ನಾವೂ ಹೊರಗಿನ ಗುತ್ತಿಗೆ ಲೈನ್‌ಮನ್‌ಗಳೂ ಮೊಬೈಲಿನ ಒಂದೇ ಗ್ರೂಪಿನಲ್ಲಿದ್ದೇವೆ. ಕಂಬ ಹತ್ತಿದವನು ಇಳಿದ ಮೇಲೆ ತಾನೇ ವಾಯ್ಸ್ ಮೆಸೇಜು ಹಾಕಬೇಕು. ಅದನ್ನು ಕೇಳದೆ ನಾನು ಕರೆಂಟ್ ಬಿಡುವುದಿಲ್ಲ.

ಅಂದು ಮಧ್ಯಾಹ್ನ ಸಂತೆಕಲ್ಲೂರಿನಲ್ಲಿ ಗುತ್ತಿಗೆಯ ಭೀಮೇಶ ಕಂಬ ಹತ್ತಿದ್ದ. ಸ್ವಲ್ಪ ಹೊತ್ತಿಗೆ ಅವನ ದನಿ ಬಂತು: "ಇಳಿದೀನ್ರಿ ಅಣ್ಣಾರ, ಕರೆಂಟ್ ಬಿಡ್ರಿ." ಹಿಂದೆ ಯಾರೋ ಹೆಣ್ಣುಮಗಳು ಅಳುತ್ತಿದ್ದಳು: "ಬುತ್ತಿ ಹಂಗ ಐತಲ್ರೀ..."

ಸ್ವಿಚ್ಚಿಗೆ ಕೈಯಿಟ್ಟೆ. ಆ ಉರಿಬಿಸಿಲಿನಲ್ಲೂ ಅದು ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಕೈ ತೆಗೆದು, ಅವನ ಜೊತೆಗಿದ್ದ ಗುರುಬಸವನಿಗೆ ಫೋನ್ ಮಾಡಿದೆ.

"ಭೀಮೇಶ ಇಳಿದಾನೇನು?"

"ಎಲ್ಲಿ ಇಳಿದಾನ್ರಿ! ಮಂಗ್ಯಾನಂಗ ಮ್ಯಾಲ ಕುಂತಾನ. ಅವನ ಮೊಬೈಲ್ ನನ್ನ ಕಿಸೇದಾಗ ಐತಿ."

ಸಂಜೆ ಭೀಮೇಶ ಬಂದು ಮೆಸೇಜು ಕೇಳಿದ. "ದನಿ ನಂದ ಐತ್ರಿ. ಆದ್ರ ಲಗ್ನ ಆಗದವಗ ಹಿಂಗ ಅಳಾಕಿ ಯಾರ್ರಿ?" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಮುಂದಿನ ವರ್ಷ ಅವನ ಲಗ್ನವಾಯಿತು. ಆಮೇಲೆ ಒಂದು ದಿನ ಬಳಗಾನೂರಿನಲ್ಲಿ ಕಂಬದಿಂದ ಬಿದ್ದು ಸತ್ತ. ಲೈನಿನಲ್ಲಿ ಕರೆಂಟ್ ಇರಲಿಲ್ಲ. ಸುಮ್ಮನೆ ಕೈ ಬಿಟ್ಟನಂತೆ. ಹೆಣದ ಮುಂದೆ ಕುಳಿತು ಅವನ ಹೆಂಡತಿ ಭಾರತಿ ಅಳುತ್ತಿದ್ದಳು: "ಬುತ್ತಿ ಹಂಗ ಐತಲ್ರೀ..." ಅದೇ ದನಿ.

ಮೊನ್ನೆ ಭಾರತಿ ಬಂದಿದ್ದಳು. "ಗ್ರೂಪಿನಾಗ ಅವರ ದನಿ ಐತಂತಲ್ರಿ ಅಣ್ಣಾರ, ಒಂದ್ಸಲ ಕೇಳಸ್ರಿ," ಎಂದಳು. ಇದ್ದುದನ್ನೆಲ್ಲ ಕೇಳಿಸಿದೆ. ಅದೊಂದನ್ನು ಬಿಟ್ಟು.